ನಾಲ್ಕು ಗಾಡಿಗೆ ಒಂದೇ ಎಣ್ಣೆ

ಮುಕುಂದರಾವನಿಗೆ ವಾಸನೆ ತಿಳಿಯುತ್ತಿರಲಿಲ್ಲ. ಮಲ್ಲಿಗೆಯದಾಗಲಿ, ಮೋರಿಯದಾಗಲಿ, ಯಾವುದೂ ತಿಳಿಯುತ್ತಿರಲಿಲ್ಲ. ದೊಡ್ಡ ಜ್ವರದ ವರ್ಷದಿಂದ ಹೀಗೆ ಇದ್ದರೂ ಕಲಬುರ್ಗಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ, ಅವನ ಹೆಂಡತಿಗೂ. ಆ ಬೆಳಗ್ಗೆ ಕಮಲಾಪುರದ ಸಂತೆಗೆ ಹೊರಟ ಬಸ್ಸಿನಲ್ಲಿ ಡ್ರೈವರ್ ದೌಲಪ್ಪನ ಪಕ್ಕ ಕುಳಿತಿದ್ದ ಅವನಿಗೆ ಮೊದಲು ಕಂಡದ್ದು ಹೊಗೆಯಲ್ಲ, ದೌಲಪ್ಪನ ಮೂಗು. ಅದರ ಹೊಳ್ಳೆಗಳು ಒಮ್ಮೆ ಹಿಗ್ಗಿ ಕುಗ್ಗಿದವು, ಮತ್ತೆ ಹಿಗ್ಗಿದವು. ಮುಕುಂದರಾವ ತಕ್ಷಣ ತನ್ನ ಮುಖವನ್ನೂ ಹಾಗೇ ಮಾಡಿಕೊಂಡ. ಬೇರೆಯವರ ಮೂಗು, ಹುಬ್ಬು, ತುಟಿಯ ಅಂಚು ನೋಡಿ ತನ್ನ ಮುಖ ಹೊಂದಿಸಿಕೊಳ್ಳುವುದು ಅವನಿಗೆ ಉಸಿರಾಟದಷ್ಟೇ ಸಹಜವಾಗಿಹೋಗಿತ್ತು. ಕೆಲವು ಸಲ ಅರೆ ಗಳಿಗೆ ತಡವಾಗುತ್ತಿತ್ತು, ಅಷ್ಟೆ.

"ಏನೋ ಸುಡಾಕತ್ತದ್ರಿ ರಾಯರ," ಎಂದ ದೌಲಪ್ಪ.

"ಹೂಂ, ನನಗೂ ಬಂತು."

"ಯಾವಾಗ ಬಂತ್ರಿ? ಮೊದ್ಲೇ ಹೇಳಬಾರದೇನ್ರಿ? ನಾ ಏರು ಹತ್ತಿಸೋಕಿಂತ ಮೊದ್ಲ ನಿಲ್ಲಿಸ್ತಿದ್ದೆ!"

ಬಸ್ಸು ಏರಿನ ನಡುವೆ ಎರಡು ಸಲ ಕೆಮ್ಮಿತು. ಒಳಗೆ ಕಬ್ಬಿಣ ಕಬ್ಬಿಣವನ್ನು ಕಚ್ಚಿದ ಸದ್ದಾಯಿತು. ಆಮೇಲೆ ಸದ್ದೇ ಇಲ್ಲ. ದೌಲಪ್ಪ ಬ್ರೇಕಿನ ಮೇಲೆ ನಿಂತುಬಿಟ್ಟ. ಹಿಂದೆ ಕುಳಿತಿದ್ದವರು ಕಲ್ಲು ಹುಡುಕಿ ತಂದು ಗಾಲಿಗೆ ಕೊಟ್ಟರು. ಕಮಲಾಪುರದ ಬೇವಿನ ಮರಗಳು ಅಲ್ಲಿಂದಲೇ ಕಾಣುತ್ತಿದ್ದವು. ದೌಲಪ್ಪ ಬಾನೆಟ್ ಎತ್ತಿದ ಕೂಡಲೇ ಹೆಂಗಸರು ಸೆರಗನ್ನು, ಗಂಡಸರು ರುಮಾಲಿನ ತುದಿಯನ್ನು ಮೂಗಿಗೆ ಒತ್ತಿದರು. ಮುಕುಂದರಾವ ಕೋಟಿನ ಜೇಬಿನಿಂದ ಕರವಸ್ತ್ರ ತೆಗೆದ. ಅವನದು ಎಲ್ಲರಿಗಿಂತ ಕೊನೆಯದು.

"ಏನ್ ರಾಯರ," ಎಂದು ಒಬ್ಬ ಮುದುಕ ನಕ್ಕ. ಅವನು ಮಡಿಲಲ್ಲಿ ಕೋಳಿ ಹಿಡಿದುಕೊಂಡಿದ್ದ. "ನಿಮ್ಮ ಗಾಡಿಗಿ ಔಡಲೆಣ್ಣಿ ಕುಡಸ್ತೀರಂತ. ಹೊಟ್ಟಿ ಕೆಟ್ಟದ ನೋಡ್ರಿ ಅದಕ್ಕ!"

ಎಲ್ಲರೂ ನಕ್ಕರು. ಒಬ್ಬ ಹೆಂಗಸು, "ಚರಿಗಿ ತಗೊಂಡು ಹೊಲಕ್ಕ ಕಳಸ್ರಿ," ಎಂದಳು. ಈ ನಗೆ ಮುಕುಂದರಾವನಿಗೆ ಹೊಸದಲ್ಲ. ಗಾಡಿಗಳಿಗೆ ಹರಳೆಣ್ಣೆ ಹೊಯ್ಯತೊಡಗಿದ ಮೂರು ತಿಂಗಳಿಂದ ಕೇಳುತ್ತಲೇ ಇದ್ದ. ಅವನೂ ನಕ್ಕ, ಆದರೆ ಒಳಗೆ, ಇದು ನನ್ನ ಎಣ್ಣೆ, ನಾನು ಆರಿಸಿದ ಎಣ್ಣೆ ಎಂಬ ಹೆಮ್ಮೆಗೆ ಯಾರೋ ಉಗುಳಿದಂತಾಯಿತು. ಆ ಹೆಮ್ಮೆ ಅವನ ಬದುಕಿನಲ್ಲಿ ಬಹಳ ತಡವಾಗಿ ಬಂದದ್ದು. ಜಗದೇವಪ್ಪ ಸಾವ್ಕಾರನ ಮೋಟಾರು ಸರ್ವಿಸಿನಲ್ಲಿ ಅವನು ಮೇನೇಜರನಾಗಿದ್ದ. ಎಂದರೆ ತಾಲೂಕ್‌ದಾರ್ ಕಚೇರಿಗೆ ಉರ್ದುವಿನಲ್ಲಿ ಅರ್ಜಿ ಬರೆಯುವುದು, ಮುಂಬೈಯಿಂದ ಬಂದ ಡಬ್ಬಿಗಳ ಮೇಲಿನ ಇಂಗ್ಲಿಷು ಓದುವುದು. ಎರಡು ಬಸ್ಸು, ಒಂದು ಲಾರಿ, ಮದುವೆಗೂ ಅಧಿಕಾರಿಗಳ ಊರೂರು ದೌರಾಕ್ಕೂ ಬಾಡಿಗೆಗೆ ಹೋಗುವ ಒಂದು ಕಾರು. ಎಂಜಿನ್ನು ಸವೆಯದಂತೆ ಹೊಯ್ಯುವ ಎಣ್ಣೆ ಮೊದಲು ನಾಲ್ಕಕ್ಕೂ ನಾಲ್ಕು ಬಗೆ. ಲಾರಿಗೆ ದಪ್ಪನೆಯದು, ಕಾರಿಗೆ ತೆಳ್ಳನೆಯದು, ಬಸ್ಸುಗಳಿಗೆ ಅವುಗಳ ನಡುವಿನವು ಎರಡು. ಒಮ್ಮೆ ಲಾರಿಯ ಎಣ್ಣೆಯನ್ನು ಯಾರೋ ಕಾರಿಗೆ ಹೊಯ್ದು, ಚಳಿಯ ಬೆಳಗ್ಗೆ ಮದುಮಗನನ್ನು ಕೂರಿಸಿಕೊಂಡ ಕಾರು ಹೊರಡಲಾರದೆ, ಮದುಮಗ ಟಾಂಗಾದಲ್ಲಿ ಹೋಗಿದ್ದ.

ಅದನ್ನಾದರೂ ಜಗದೇವಪ್ಪ ಸಹಿಸಿದ್ದ. ಸಹಿಸದೇ ಹೋದದ್ದು ಒಂದು ಸೋಮವಾರದ ಸಂಗತಿ. ಶರಣಬಸಪ್ಪನ ಗುಡಿಗೆ ಹೊರಟಿದ್ದ ಬಸ್ಸಿನಿಂದ ಒಬ್ಬ ವೃದ್ಧ ಅಯ್ಯನವರು ನಡುದಾರಿಯಲ್ಲೇ ಇಳಿದು, "ಈ ಗಾಡಿ ಹೊಟ್ಟ್ಯಾಗ ದನದ ಕೊಬ್ಬು ಅದಂತ, ನಾ ಒಲ್ಲೆ," ಎಂದು ನಡೆದೇ ಹೋಗಿಬಿಟ್ಟರು. ಅವರ ಹಿಂದೆ ಬಸ್ಸಿನ ಅರ್ಧ ಜನ ಇಳಿದರು. ಟಾಂಗಾದವರು ಹಬ್ಬಿಸಿದ ಮಾತು ಎಂದು ಎಲ್ಲರಿಗೂ ಗೊತ್ತಿತ್ತು, ಆದರೆ ಗೊತ್ತಿದ್ದರಿಂದ ಯಾರೂ ಮರಳಿ ಹತ್ತಲಿಲ್ಲ. ಜಗದೇವಪ್ಪ ಬೆಳಿಗ್ಗೆ ಗುಡಿಗೆ ಹೋಗಿ ವಿಭೂತಿ ಹಚ್ಚಿಕೊಂಡ ಮೇಲೆಯೇ ಷೆಡ್ಡಿಗೆ ಕಾಲಿಡುವ ಮನುಷ್ಯ. ಅವನು ಮುಕುಂದರಾವನ ಮುಂದೆ ಡಬ್ಬಿ ಇಟ್ಟು ಓದಿಸಿದ. ಮುಕುಂದರಾವ ಓದಿದ: ತೂಕ, ಊರಿನ ಹೆಸರು, ಎಲ್ಲೋ ಸಿಕ್ಕ ಪದಕ. ಯಾವುದರಿಂದ ಮಾಡಿದ್ದು ಎಂದು ಬರೆದಿರಲಿಲ್ಲ.

"ಬರದಿಲ್ಲಂದ್ರ ಇರಬಹುದು," ಎಂದ ಜಗದೇವಪ್ಪ. "ಬ್ಯಾಡ. ನಮ್ಮ ನೆಲದಾಗ ಬೆಳದದ್ದು, ನಮ್ಮ ಕಣ್ಣ ಮುಂದ ಹಿಂಡಿದ್ದು, ಒಂದೇ ಎಣ್ಣಿ, ನಾಕಕ್ಕೂ. ಮನ್ಯಾಗ ನಾಕು ಮಕ್ಕಳಿದ್ರ ನಾಕು ಅಡಗಿ ಮಾಡ್ತೀವೇನು?"

ಮಿಸ್ತ್ರಿ ಇಮಾಮುದ್ದೀನ್ ದೊಡ್ಡ ಯುದ್ಧದ ಕಾಲದಲ್ಲಿ ಬಸ್ರಾದ ಕಾರಖಾನೆಯಲ್ಲಿ ಕೆಲಸ ಮಾಡಿ ಬಂದವನು. ಔಡಲೆಣ್ಣೆಯ ಹೆಸರು ಎತ್ತಿದವನು ಅವನೇ. "ಬಸ್ರಾದಾಗ ಹವಾಯಿ ಜಹಾಜ್ ಇದ್ರ ಮ್ಯಾಲೇ ಹಾರ್ತಿದ್ವು, ಸಾವ್ಕಾರ್ರ. ಕಸಮ್. ಆಸ್ಮಾನ್‌ದಾಗ ನಡೀತದಂದ್ರ ಕಮಲಾಪುರ ಮುಟ್ಟೋದು ದೊಡ್ಡದೇನು?" ಹಳೆಯ ಎಣ್ಣೆ ಪೂರ್ತಿ ಇಳಿಸಿ ತೊಳೆದು ಹೊಸದು ಹೊಯ್ಯಬೇಕು, ತಿಂಗಳಿಗೊಮ್ಮೆ ಬದಲಾಯಿಸಬೇಕು ಎಂದೂ ಅವನೇ ಹೇಳಿದ, ಹಾಗೆಯೇ ಮಾಡಿದ.

ಆರಿಸುವ ದಿನ ಮೂರು ಗಾಣಗಳ ಎಣ್ಣೆ ಮೂರು ಹಿತ್ತಾಳೆ ಬಟ್ಟಲಲ್ಲಿ ಬಂತು. "ರಾಯರು ಆರಸಲಿ," ಎಂದ ಜಗದೇವಪ್ಪ, "ಬ್ರಾಹ್ಮಣರ ಮೂಗು, ಚೊಕ್ಕ ಇರ್ತದ." ಮುಕುಂದರಾವ ಬಟ್ಟಲುಗಳನ್ನು ಸಾವ್ಕಾರನತ್ತ, ಮಿಸ್ತ್ರಿಯತ್ತ ಸರಿಸಿದ. "ಮೊದಲ ನೀವು ನೋಡ್ರಿ," ಎಂದು ಮರ್ಯಾದೆಯ ಮಾತಿನಂತೆ ಹೇಳಿದ. ಮೊದಲನೆಯ ಬಟ್ಟಲಿಗೆ ಸಾವ್ಕಾರನ ಹುಬ್ಬು ಏರಿತು. ಎರಡನೆಯದಕ್ಕೆ ಇಮಾಮುದ್ದೀನನ ತುಟಿ ಸೊಟ್ಟಗಾಯಿತು. ಮೂರನೆಯದಕ್ಕೆ ಇಬ್ಬರ ಮುಖವೂ ಸುಮ್ಮನಿತ್ತು. ಮುಕುಂದರಾವ ಮೂರನ್ನೂ ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, ತೆರೆದು, ಮೂರನೆಯದನ್ನು ಮುಂದಕ್ಕೆ ಸರಿಸಿದ. ಅದು ಕಮಲಾಪುರದ ಸಾಯಬಣ್ಣನ ಗಾಣದ್ದು. ಸಾಯಬಣ್ಣ ಜಗದೇವಪ್ಪನ ಹೆಂಡತಿಯ ತಮ್ಮ. ಜಗದೇವಪ್ಪ ತೊಡೆ ತಟ್ಟಿ ನಕ್ಕ. ಅಂದಿನಿಂದ ಒಂದು ಪದ್ಧತಿಯಾಯಿತು: ತಿಂಗಳಿಗೊಮ್ಮೆ ರಾಯರು ಕಮಲಾಪುರಕ್ಕೆ ಹೋಗಬೇಕು, ಎಣ್ಣೆಯನ್ನು ಮೂಗಿಗೆ ಹಿಡಿದು ತಲೆಯಾಡಿಸಬೇಕು, ಆಮೇಲೆಯೇ ಡಬ್ಬಿಗಳು ಬಸ್ಸಿನ ಮೇಲೇರಬೇಕು. ನಲವತ್ತು ವರ್ಷ ಯಾರೂ ಅವನ ತಲೆಯಾಡಿಕೆಗಾಗಿ ಕಾದಿರಲಿಲ್ಲ.

"ಲಾರಿ ಬರ್ತದ್ರಿ ಈಗ, ಹಗ್ಗ ಕಟ್ಟಿ ಎಳಸಿದ್ರಾತು," ಎಂದ ದೌಲಪ್ಪ. ಕಮಲಾಪುರದಿಂದ ಕೆಂಪು ಬಾಳೆಗೊನೆ ತುಂಬಿಕೊಂಡು ಲಾರಿ ಆ ಹೊತ್ತಿಗೆ ಬರಬೇಕಿತ್ತು. ಕೆಲವರು ಕಾಯದೆ ನಡೆಯತೊಡಗಿದರು. ಉಳಿದವರು ಬಸ್ಸಿನ ನೆರಳಲ್ಲಿ ಕುಳಿತು ರೊಟ್ಟಿ ಬಿಚ್ಚಿದರು. ಮುಕುಂದರಾವ ಬಾನೆಟ್ಟಿನ ಹತ್ತಿರ ಹೋಗಿ ಬಾಗಿದ. ಬಿಸಿ ಮುಖಕ್ಕೆ ಹೊಡೆಯಿತು, ಕಣ್ಣಲ್ಲಿ ನೀರು ಬಂತು, ಅಷ್ಟೆ. ದೊಡ್ಡ ಜ್ವರದ ಆ ವರ್ಷವೂ ಹೀಗೇ ಬಿಸಿಯೊಂದೇ ಬಂದಿತ್ತು. ಅಂದು ಹೊಳೆಯ ದಂಡೆಯಲ್ಲಿ ಹೆಣಗಳ ಸಾಲು, ಕಟ್ಟಿಗೆ ಸಾಲದೆ ಒಂದೊಂದು ಚಿತೆಯೂ ಅರೆಬರೆ. ಜ್ವರದಿಂದ ಎದ್ದು ಮೂರನೆಯ ದಿನಕ್ಕೆ ಅವನು ತಾಯಿಗೆ ಬೆಂಕಿ ಇಟ್ಟಿದ್ದ. ಬಂದಿದ್ದವರೆಲ್ಲ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ದೂರ ಸರಿದಾಗ ಅವನೊಬ್ಬನೇ ಬರಿಯ ಮುಖದಲ್ಲಿ ಹತ್ತಿರ ನಿಂತಿದ್ದ, ಯಾಕೆ ಸರಿಯುತ್ತಾರೆ ಎಂದು ತಿಳಿಯದೆ. ಅದು ವಾಸನೆಗೆ, ತನಗದು ಬರುತ್ತಿಲ್ಲ ಎಂದು ತಿಳಿದ ಮೇಲೂ ಸರಿಯಲಿಲ್ಲ. "ಎಂಥಾ ಗಟ್ಟಿ ಎದಿ," ಎಂದು ಸೋದರಮಾವ ಮನೆಯಲ್ಲಿ ಹೇಳಿದ. "ತಾಯಿ ಮ್ಯಾಲ ಎಷ್ಟು ಜೀವ ನೋಡು," ಎಂದು ಅತ್ತೆ ಹೇಳಿದಳು. ಇಲ್ಲದ್ದಕ್ಕೆ ಸಿಕ್ಕ ಮೊದಲ ಹೊಗಳಿಕೆ ಅದು. ಅದನ್ನು ಅಲ್ಲಿಯೇ ತಳ್ಳಿಹಾಕಿದ್ದರೆ ಮುಗಿಯುತ್ತಿತ್ತು. ತಳ್ಳಿಹಾಕಲಿಲ್ಲ. ಆಮೇಲೆ ಮದುವೆಯಾಯಿತು. ಸಂಜೆ ಚಂದ್ರಾಬಾಯಿ ಮುಡಿದು ಬಂದರೆ, "ಹೂವು ಘಮ್ ಅಂತದ," ಎಂದು ದಿನವೂ ಹೇಳುತ್ತಿದ್ದ. ಒಮ್ಮೆ ಹೇಳಿದಾಗ ಅವಳು ಮುಡಿಯಿಂದ ಹೂವು ಕಿತ್ತು ಅಂಗೈಯಲ್ಲಿ ತೋರಿಸಿದಳು. ಅವು ಹಿಂದಿನ ದಿನದವು, ಕಂದಿ ಕೊಳೆಯುತ್ತಿದ್ದವು. "ನೀವು ನನ್ನ ನೋಡದೇ ಮಾತಾಡ್ತೀರಿ," ಎಂದಳು. ಎಂಟು ದಿನ ಮಾತು ಬಿಟ್ಟಳು. ಅದರ ನಂತರ ಅವನ ಯಾವ ಒಳ್ಳೆಯ ಮಾತನ್ನೂ ಅವಳು ನಂಬಿದಂತೆ ಕಾಣಲಿಲ್ಲ.

ಲಾರಿ ಬಂತು. ಏರಿನ ತಲೆಯಲ್ಲಿ ಕಂಡಾಗ ಎಲ್ಲರೂ ಎದ್ದು ನಿಂತರು. ಇಳಿಜಾರಿನಲ್ಲಿ ಅದು ತನ್ನ ಭಾರಕ್ಕೇ ಜಾರಿ ಬರುತ್ತಿತ್ತು, ಸದ್ದಿಲ್ಲದೆ. ಬಸ್ಸಿನ ಪಕ್ಕಕ್ಕೆ ಬಂದು ನಿಂತಿತು. ಲಾರಿಯವನು ಇಳಿದು, ದೌಲಪ್ಪನನ್ನು ನೋಡಿ, "ಹಗ್ಗ ಅದ ಏನೋ? ನನ್ನ ಗಾಡಿ ಎಳೀಬೇಕಾಗ್ಯದ," ಎಂದ. ಕೋಳಿ ಹಿಡಿದ ಮುದುಕ ನಕ್ಕು ನಕ್ಕು ಕೆಮ್ಮಿದ. ಮುಕುಂದರಾವ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಒಂದು ಗಾಡಿ ಕೆಟ್ಟರೆ ಗಾಡಿಯ ತಪ್ಪು. ಎರಡು ಕೆಟ್ಟರೆ ಎರಡರ ಹೊಟ್ಟೆಯಲ್ಲೂ ಇರುವ ಒಂದೇ ವಸ್ತುವಿನ ತಪ್ಪು. ಅದಕ್ಕೆ ತಲೆಯಾಡಿಸಿದವನು ಇಲ್ಲಿ ಕರವಸ್ತ್ರ ಹಿಡಿದು ನಿಂತಿದ್ದಾನೆ.

ಹದಿನೈದು ದಿನದ ಹಿಂದಿನ ಆ ಮಧ್ಯಾಹ್ನ ಕಣ್ಣ ಮುಂದೆ ಬಂತು. ಸಾಯಬಣ್ಣನ ಗಾಣದಲ್ಲಿ ಬೇರೆ ಯಾರೂ ಇರಲಿಲ್ಲ. ಎತ್ತು ನೆರಳಲ್ಲಿ ಮಲಗಿತ್ತು. ಡಬ್ಬಿಗಳು ಬಿಸಿಲಲ್ಲಿದ್ದವು. ಸಾಯಬಣ್ಣ ಬಟ್ಟಲಿಗೆ ಸುರಿದು ಕೊಟ್ಟ. ಮುಕುಂದರಾವ ಬೆರಳಿಗೆ ಹಚ್ಚಿ ತಿಕ್ಕಿದ. ಹಿಂದಿನ ಸಲಕ್ಕಿಂತ ತೆಳ್ಳಗಿತ್ತು. "ಬಿಸಲಿಗಿ ತೆಳ್ಳಗಾಗ್ಯದ್ರಿ," ಎಂದ ಸಾಯಬಣ್ಣ, ಅವನು ಕೇಳುವ ಮೊದಲೇ. ಬಟ್ಟಲನ್ನು ಮೂಗಿಗೆ ಹಿಡಿದು ಮುಕುಂದರಾವ ಸಾಯಬಣ್ಣನ ಮುಖ ನೋಡಿದ. ಸಾಯಬಣ್ಣ ಅವನ ಮುಖವನ್ನೇ ನೋಡುತ್ತಿದ್ದ. ಹುಬ್ಬಿಲ್ಲ, ತುಟಿಯಿಲ್ಲ, ಏನೂ ಅಲುಗಲಿಲ್ಲ. ಓದಲು ಬೇರೆ ಮುಖವಿರಲಿಲ್ಲ. ಮುಖ ಸುಮ್ಮನಿದ್ದರೆ ಎಣ್ಣೆ ಒಳ್ಳೆಯದು. ಅವನಿಗೆ ಗೊತ್ತಿದ್ದ ಲೆಕ್ಕ ಅಷ್ಟೇ. ತಲೆಯಾಡಿಸಿದ. ಸಾಯಬಣ್ಣ ಬಿಟ್ಟ ಉಸಿರು ದೊಡ್ಡದಾಗಿತ್ತು. "ನಿಮ್ಮಂಥೋರು ಹೂಂ ಅಂದ್ರ ಮುಗೀತು ಬಿಡ್ರಿ," ಎಂದು ಎರಡೂ ಕೈ ಮುಗಿದ. ಮುಕುಂದರಾವ ಅದನ್ನು ಗೌರವ ಎಂದುಕೊಂಡು ದಾರಿಯುದ್ದಕ್ಕೂ ಖುಷಿಯಾಗಿದ್ದ.

ಹೊಲದಿಂದ ಎತ್ತು ತರಿಸಿದರು. ಲಾರಿಯನ್ನು ಅಲ್ಲಿಯೇ ಬಿಟ್ಟು, ಎರಡು ಜೊತೆ ಎತ್ತು ಕಟ್ಟಿ ಬಸ್ಸನ್ನು ಕಲಬುರ್ಗಿಯತ್ತ ತಿರುಗಿಸಿದರು. ಮುಕುಂದರಾವ ಒಳಗೆ ಒಬ್ಬನೇ ಕುಳಿತ. ಮೇನೇಜರನು ಎತ್ತಿನ ಹಿಂದೆ ನಡೆಯುವುದು ಸರಿಯಲ್ಲ ಎಂದು ದೌಲಪ್ಪನೇ ಒತ್ತಾಯ ಮಾಡಿ ಕೂರಿಸಿದ್ದ. ರಾತ್ರಿ ಒಂದು ಹಳ್ಳಿಯಲ್ಲಿ ತಂಗಿ ಮರುದಿನ ಊರು ಸೇರಿದರು. ದಾರಿಯಲ್ಲಿ ಎದುರಾದ ಗಾಡಿಯವರೆಲ್ಲ ಏನಾದರೂ ಅನ್ನುತ್ತಿದ್ದರು. "ಎಣ್ಣಿ ಬಿಟ್ಟು ಹಿಂಡಿ ತಿನಸ್ರಿ, ಓಡ್ತದ!" ಎಂದ ಒಬ್ಬ. ಒಳಗಿದ್ದ ಮುಕುಂದರಾವನಿಗೆ ಇದಕ್ಕಿಂತ ಬೈಗುಳವೇ ವಾಸಿ ಎನಿಸಿತು. ಬೈದರೆ ತಿರುಗಿ ಬೈಯಬಹುದು. ನಗೆಗೆ ಏನು ಮಾಡುವುದು?

ಗುಡಿಯ ಹಿಂದಿನ ಷೆಡ್ಡಿನಲ್ಲಿ ಆಗಲೇ ಜನ ಸೇರಿತ್ತು. ಎರಡನೆಯ ಬಸ್ಸು ಸ್ಟೇಷನ್ ದಾರಿಯಲ್ಲಿ ನಿಂತು, ಅದನ್ನೂ ತಳ್ಳಿಕೊಂಡು ಬಂದಿದ್ದರು. ಕಾರಿನ ಎಂಜಿನ್ನನ್ನು ಹ್ಯಾಂಡಲ್ ಹಾಕಿ ತಿರುಗಿಸಲು ಇಬ್ಬರಿಂದಲೂ ಆಗಿರಲಿಲ್ಲ. ಇಮಾಮುದ್ದೀನ್ ಅದರ ಹೊಟ್ಟೆ ಬಿಚ್ಚಿ ಚಾಪೆಯ ಮೇಲೆ ಹರಡಿದ್ದ. ಕಬ್ಬಿಣದ ಮೇಲೆಲ್ಲ ಬೆಲ್ಲದ ಬಣ್ಣದ ಪೊರೆ. ಉಗುರಿನಿಂದ ಕೆರೆದರೆ ಸಿಪ್ಪೆಯಂತೆ ಏಳುತ್ತಿತ್ತು. ಜಗದೇವಪ್ಪ ಒಂದು ಚೂರು ಕಿತ್ತು ಬೆರಳುಗಳ ನಡುವೆ ಮುರಿದ.

"ನಮ್ಮ ಬಾವಿ ಮ್ಯಾಲ ನೀರೆತ್ತೋ ತೊಗಲಿನ ಚೀಲಕ್ಕ ಹಚ್ತೀವಲ್ಲ, ಕುಸುಬಿ ಎಣ್ಣಿ ಕುದಿಸಿ? ಒಣಗಿದ್ರ ಹೀಂಗೇ ಆಗ್ತದ," ಎಂದ. ಅವನ ಧ್ವನಿ ಏರಿರಲಿಲ್ಲ. "ಔಡಲದಾಗ ಕುಸುಬಿ ಕಲಸ್ಯಾನ ನನ್ನ ಹೆಂಡ್ತಿ ತಮ್ಮ. ಸಿಕ್ಕಿಲ್ಲ ಔಡಲ, ಅದಕ್ಕ. ಅವನ ಮಾತು ಆಮ್ಯಾಲ. ದೌಲ್ಯಾ, ಎಣ್ಣಿ ಹೊಯ್ದಂವ ನೀನೇ ಅಲ್ಲೇನು? ನಿನಗ ವಾಸನಿ ಬರಲಿಲ್ಲ?"

"ಬಂತ್ರಿ, ಬರದೇ ಏನ್ರಿ. ನಮ್ಮವ್ವ ಒಗ್ಗರಣಿ ಹಾಕಿದಂಗ ಬಂತು. ಆದ್ರ ರಾಯರು ಮೂಗಿಗಿ ಹಿಡದು ಹೂಂ ಅಂದಾರಂದ ಮ್ಯಾಲ ನಂದೇನ್ರಿ? ಏನೋ ತಿಳಕೊಂಡೇ ಕಲಸ್ಯಾರ ಅಂತ ಸುಮ್ಮಾದೆ."

"ನನಗೂ ಬಂತು," ಎಂದ ಇಮಾಮುದ್ದೀನ್, ಕೈ ಒರೆಸಿಕೊಳ್ಳುತ್ತ. "ನಾ ಅಂದ್ಕೊಂಡೆ, ರಾಯರ್ ಸಾಬ್ ಇಂಗ್ಲಿಷ್ ಕಿತಾಬ್ ಓದಿ ಎಣ್ಣಿ ಕಲಸೋ ಹೊಸಾ ತರ್ಕೀಬ್ ತಗದಾರ. ಅವ್ರಿಗಿ ಹೋಗಿ ನಾ ಕೇಳೋದಾ?"

ಎಲ್ಲರಿಗೂ ಗೊತ್ತಿತ್ತು. ಎಣ್ಣೆ ಮುಟ್ಟಿದ ಪ್ರತಿಯೊಬ್ಬನಿಗೂ ಗೊತ್ತಿತ್ತು. ಒಬ್ಬೊಬ್ಬನೂ ಅವನ ತಲೆಯಾಡಿಕೆಯನ್ನು ನೆನೆದು ಬಾಯಿ ಮುಚ್ಚಿಕೊಂಡಿದ್ದ. ಅವನು ಅವರ ಮುಖ ನೋಡಿ ಬದುಕುತ್ತಿದ್ದಾಗ ಅವರು ಅವನ ಮುಖ ನೋಡುತ್ತಿದ್ದರು.

"ರಾಯರ," ಎಂದ ಜಗದೇವಪ್ಪ, "ನಿಮ್ಮ ಮನ್ಯಾಗೂ ಕುಸುಬಿ ಎಣ್ಣ್ಯಾಗೇ ಅಡಗಿ ಮಾಡ್ತಾರ. ದಿನಾ ಉಂಬೋ ವಾಸನಿ. ನಿಮಗ ಬರಲಿಲ್ಲೇನು?"

ಇಲ್ಲ ಎಂದರೆ ಮುಗಿಯುತ್ತಿತ್ತು. ನನಗೆ ವಾಸನೆ ತಿಳಿಯುವುದಿಲ್ಲ ಸಾವ್ಕಾರರೇ, ಜ್ವರದಿಂದ ಹೋಯಿತು. ರೋಗಕ್ಕೆ ಯಾರೂ ಬೈಯುವುದಿಲ್ಲ. ಜಗದೇವಪ್ಪ ಅಯ್ಯೋ ಎನ್ನುತ್ತಿದ್ದ, ಬಹುಶಃ ನೌಕರಿಯೂ ಉಳಿಯುತ್ತಿತ್ತು, ಅರ್ಜಿ ಬರೆಯುವ ಮೂಲೆಯಲ್ಲಿ. ಮಾತು ಗಂಟಲಿನ ತನಕ ಬಂತು. ಅದರ ಜೊತೆಗೇ ಮೂರು ಹಿತ್ತಾಳೆ ಬಟ್ಟಲು ಬಂದವು. ಕಣ್ಣು ಮುಚ್ಚಿ ತೆರೆದ ಆ ನಟನೆ ಬಂತು. ಊಟದ ಪಂಕ್ತಿಗಳಲ್ಲಿ ಸಾರಿನ ಪರಿಮಳದ ಬಗ್ಗೆ ಆಡಿದ ಮಾತು, ತಾಯಿಯ ಚಿತೆಯ ಹತ್ತಿರ ನಿಂತ ಗಟ್ಟಿ ಎದೆ. ಒಂದನ್ನು ಒಪ್ಪಿಕೊಂಡರೆ ಎಲ್ಲವೂ ಬಿಚ್ಚಿ ಆ ಚಾಪೆಯ ಮೇಲೆ ಹರಡಿಕೊಳ್ಳುತ್ತಿದ್ದವು. ಇಮಾಮುದ್ದೀನ್ ನಾಳೆ ಊರೆಲ್ಲ ಅವನ ಕಣ್ಣು ಮುಚ್ಚುವ ರೀತಿಯನ್ನು ಮಾಡಿ ತೋರಿಸುತ್ತಾನೆ. ಎತ್ತಿನ ಹಿಂದಿನ ಆ ನಗೆ ಇನ್ನೂ ಕಿವಿಯಲ್ಲಿತ್ತು. ಮೋಸಗಾರನನ್ನು ಜನ ಬೈಯುತ್ತಾರೆ, ನಗುವುದಿಲ್ಲ.

"ಬಂತು," ಎಂದ ಮುಕುಂದರಾವ.

"ಬಂದೂ ತಗೊಂಡ್ರಿ?"

ಮುಕುಂದರಾವ ಚಾಪೆಯ ಮೇಲಿನ ಕಬ್ಬಿಣದತ್ತ ಕಣ್ಣಿಳಿಸಿದ. ಅದನ್ನು ನೋಡಿದ ಜಗದೇವಪ್ಪನ ಮುಖ ನಿಧಾನಕ್ಕೆ ಬೇರೆಯಾಯಿತು. "ಏನ್ ಕೊಟ್ಟ ಆ ಸಾಯಬಣ್ಣ ನಿಮಗ?"

ಈ ಪ್ರಶ್ನೆ ಬರುತ್ತದೆಂದು ಅವನು ಎಣಿಸಿರಲಿಲ್ಲ. ಸಾಯಬಣ್ಣ ಕೈ ಮುಗಿದದ್ದು ಬಿಟ್ಟು ಏನೂ ಕೊಟ್ಟಿರಲಿಲ್ಲ. ಏನಾದರೂ ಹೇಳಲೇಬೇಕಿತ್ತು, ತಲೆ ಖಾಲಿಯಾಗಿತ್ತು. ಆ ಖಾಲಿಯೊಳಗೆ ಎಲ್ಲಿಂದಲೋ ತಾಯಿಯ ಒಲೆ ಕಂಡಿತು. ಒಲೆಯ ಮೇಲೆ ಬೆಣ್ಣೆ ಕಾಯುತ್ತಿತ್ತು. ಜ್ವರ ಬರುವ ಹಿಂದಿನ ದಿನ ಅವನ ಮೂಗಿಗೆ ಬಂದ ಕೊನೆಯ ವಾಸನೆ ಅದೇ ಇರಬೇಕು. "ತುಪ್ಪ," ಎಂದ. "ಒಂದು ಡಬ್ಬಿ ತುಪ್ಪ."

ಇಮಾಮುದ್ದೀನ್ ನಕ್ಕುಬಿಟ್ಟ, ತಡೆಯಲಾರದೆ. ದೌಲಪ್ಪನೂ ಮುಖ ತಿರುಗಿಸಿದ, ಅವನ ಹೆಗಲು ಅಲುಗುತ್ತಿತ್ತು.

"ತುಪ್ಪಕ್ಕ!" ಎಂದ ಜಗದೇವಪ್ಪ. ಅವನೊಬ್ಬ ನಗಲಿಲ್ಲ. "ನನ್ನ ನಾಕು ಗಾಡಿ ಒಂದ್ ಡಬ್ಬಿ ತುಪ್ಪಕ್ಕ ಮಾರಿದ್ರಿ. ನನಗ ಕೇಳಿದ್ರ ಎರಡು ಡಬ್ಬಿ ಕೊಡ್ತಿದ್ನಲ್ಲೋ ರಾಯಾ." ಬಹುವಚನ ಹೋಗಿತ್ತು. "ಹೋಗು. ಇತ್ಲಾಗ ಬರಬ್ಯಾಡ."

ಮುಕುಂದರಾವ ಗುಡಿಯ ಮುಂದಿನಿಂದ ಹೋಗದೆ ಓಣಿಗಳಿಂದ ಸುತ್ತಿ ಮನೆಗೆ ಹೋದ. ಸುತ್ತಿ ಬರುವಷ್ಟರಲ್ಲಿ ಸುದ್ದಿ ಅವನಿಗಿಂತ ಮೊದಲು ಮುಟ್ಟಿತ್ತು. ಚಂದ್ರಾಬಾಯಿ ಅಡುಗೆಮನೆಯಲ್ಲಿ ಗಡಿಗೆಗಳನ್ನೆಲ್ಲ ಕೆಳಗಿಳಿಸಿ ಸಾಲಾಗಿ ಇಟ್ಟಿದ್ದಳು. ಪ್ರತಿಯೊಂದರ ಬಾಯಿಯೂ ತೆರೆದಿತ್ತು. ಅವಳು ಅತ್ತಿರಲಿಲ್ಲ. ಅವನು ಕೋಟು ಬಿಚ್ಚುವ ತನಕ ಕಾದಳು.

"ಲಂಚಾ ತಿಂದೀರಿ ಅಂದ್ರು. ತಿಂತಾರ, ಎಲ್ಲಾರೂ ತಿಂತಾರ. ನಾ ಅದಕ್ಕ ಏನೂ ಅನ್ನಂಗಿಲ್ಲ," ಎಂದಳು. "ಆದ್ರ ಈ ಮನೀಗಿ ತುಪ್ಪ ಬಂದಿಲ್ಲ. ಆ ಡಬ್ಬಿ ಯಾರ ಮನೀಗಿ ಹೋತು?"

ಅವನು ಬಾಯಿ ತೆರೆದ. ಷೆಡ್ಡಿನಲ್ಲಿ ಜನವಿದ್ದರು, ಇಲ್ಲಿ ಇವಳೊಬ್ಬಳೇ. ಇವಳಿಗೆ ಹೇಳಬಹುದಿತ್ತು. ಹೇಳಿದರೆ ತುಪ್ಪ ಸುಳ್ಳಾಗುತ್ತಿತ್ತು, ಬೇರೆ ಮನೆ ಸುಳ್ಳಾಗುತ್ತಿತ್ತು. ಹಾಗೆಯೇ ಪ್ರತಿ ಸಂಜೆಯ ಹೂವೂ. ಅವಳು ಅವನ ಮುಖವನ್ನೇ ನೋಡುತ್ತಿದ್ದಳು, ಅವನು ಬೇರೆಯವರ ಮುಖ ನೋಡುವಂತೆ.

"ಯಾರ ಮನೀಗೂ ಇಲ್ಲ," ಎಂದ.

"ಯಾರಕಿ ಆಕಿ?"

ಅವನು ಬಿಚ್ಚಿದ ಕೋಟನ್ನು ಗೂಟಕ್ಕೆ ಹಾಕಿದ. ಅವಳು ಗಡಿಗೆಗಳನ್ನು ಒಂದೊಂದಾಗಿ ಮೇಲಿಟ್ಟಳು, ಕೈ ತೊಳೆದುಕೊಂಡಳು, ಒಳಗೆ ಹೋಗಿ ಟ್ರಂಕು ಎಳೆದಳು. ಹುಮನಾಬಾದಿನಿಂದ ಅವಳ ಅಣ್ಣ ಬಂದು ಕರೆದುಕೊಂಡು ಹೋದ. ಬಸ್ಸಿಲ್ಲದ್ದರಿಂದ ಅವರು ಎತ್ತಿನ ಗಾಡಿಯಲ್ಲಿ ಹೋದರು.

ಹೋದದ್ದು ಇಷ್ಟು: ಎರಡು ಬಸ್ಸು, ಒಂದು ಲಾರಿ, ಒಂದು ಕಾರು. ಲಾರಿಯಲ್ಲಿ ಕೊಳೆತ ಬಾಳೆಗೊನೆ. ಒಂದು ನೌಕರಿ. ಒಬ್ಬ ಹೆಂಡತಿ.